ಹಟನಾಕ ಸಾಹೇಬರ ಚೆಂಡು

ಪೇಟ ಹಟನಾಕ ಸಾಹೇಬರ ತಲೆಗೆ ಇಳಿಯಲೇ ಇಲ್ಲ. ಹರಿಹರದ ವರ್ತಕರ ಸಂಘದ ಕಾರ್ಯದರ್ಶಿ ಮುಂದಿನಿಂದ ಒತ್ತಿದರು, ಅಧ್ಯಕ್ಷರು ಹಿಂದಿನಿಂದ ಎಳೆದರು. ಜರಿಯಂಚಿನ ಪೇಟ ನೆತ್ತಿಯ ಮೇಲೆ ಅರ್ಧಕ್ಕೇ ನಿಂತಿತು. ಕಲ್ಯಾಣ ಮಂಟಪದ ತುಂಬ ಚಪ್ಪಾಳೆ, ಸಿಳ್ಳೆ. ಸಾಹೇಬರು ತಮ್ಮ ದೇಶದ ಪದ್ಧತಿಯಂತೆ ಸೊಂಟದಿಂದ ಬಗ್ಗಿ ವಂದಿಸಿದರು. ಪೇಟ ಜಾರಿತು. ಅದು ನೆಲ ಮುಟ್ಟುವಷ್ಟರಲ್ಲಿ ಅವರ ಬಲಗಾಲು ತಾನಾಗಿಯೇ ಮುಂದೆ ಬಂತು. ಕಾಲುಚೀಲ ತೊಟ್ಟ ಪಾದದ ಮೇಲೆ ಪೇಟ ಒಂದು ಕ್ಷಣ ನಿಂತು, ಅಲ್ಲಿಂದ ಚಿಮ್ಮಿ ಅವರ ಕೈ ಸೇರಿತು.

ಇಡೀ ಮಂಟಪ ಎದ್ದು ನಿಂತಿತು.

ಕೊನೆಯ ಸಾಲಿನಲ್ಲಿ ಕುರ್ಚಿ ಹತ್ತಿ ನಿಂತಿದ್ದ ರೂಪಶ್ರೀ ತನಗೇ ಗೊತ್ತಿಲ್ಲದೆ "ಅಬ್ಬಬ್ಬಾ!" ಎಂದು ಕೂಗಿದಳು. ದಾವಣಗೆರೆಯ ಶಾಮನೂರು ರಸ್ತೆಯ ಬಾಲಕಿಯರ ಹೈಸ್ಕೂಲಿನಲ್ಲಿ ಅವಳು ಆಟದ ಟೀಚರು. ಹುಡುಗಿಯರ ಬಾಯಲ್ಲಿ ಪಿ.ಟಿ. ಮೇಡಂ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಶಾಲೆ ಬಿಟ್ಟ ಮೇಲೆ ಬಸ್ಸು ಹಿಡಿದು ಹರಿಹರಕ್ಕೆ ಬಂದು, ಈ ಮನುಷ್ಯನ ಒಂದು ಗಂಟೆಗಾಗಿ ಅವಳು ಕಾಯತೊಡಗಿ ಮೂರು ಸಂಜೆಯಾಗಿತ್ತು. ಸೋಮವಾರ ಆಟೋ ಚಾಲಕರ ಸಂಘದವರು ಸಾಹೇಬರನ್ನು ಒಯ್ದಿದ್ದರು, ಮಂಗಳವಾರ ನದಿ ದಡದ ವ್ಯಾಯಾಮ ಶಾಲೆಯವರು. ಇವತ್ತು ವರ್ತಕರ ಪಾಳಿ.

ಇದೆಲ್ಲ ಶುರುವಾದದ್ದು ಆ ಭಾನುವಾರ, 1998ರ ಜೂನ್ ಹದಿನಾಲ್ಕರ ಸಂಜೆ. ವಿಶ್ವಕಪ್ ಫುಟ್‌ಬಾಲಿನಲ್ಲಿ ಜಪಾನ್ ತನ್ನ ಮೊಟ್ಟಮೊದಲ ಪಂದ್ಯ ಆಡಿ, ಅರ್ಜೆಂಟೀನಾಕ್ಕೆ ಒಂದು ಗೋಲಿನಿಂದ ಸೋತ ದಿನ. ಕಾರ್ಖಾನೆಯೊಂದಕ್ಕೆ ಹೊಸ ಯಂತ್ರ ಕೂರಿಸಲು ಬಂದಿದ್ದ ಹಟನಾಕ, ಕಾಲೊನಿಯ ಕ್ಲಬ್ಬಿನಲ್ಲಿ ಎಲ್ಲರ ಜೊತೆ ಟೀವಿ ನೋಡುತ್ತಿದ್ದರು. ಅದುವರೆಗೆ ಅವರು ಯಂತ್ರದ ಪಕ್ಕ ನಿಲ್ಲುವ, ಹೆಚ್ಚು ಮಾತಾಡದ, ನಲವತ್ತಾರರ ವಿದೇಶಿ ಎಂಜಿನಿಯರು, ಅಷ್ಟೇ. ಪಂದ್ಯ ಮುಗಿದಾಗ ಕಣ್ಣೊರೆಸಿಕೊಳ್ಳುತ್ತಿದ್ದವರನ್ನು ಯಾರೋ ಮಾತಾಡಿಸಿದರು. ಅವರು ಪ್ಯಾಂಟು ಮಡಚಿ ಮಂಡಿಯ ಮೇಲಿನ ಉದ್ದನೆಯ ಹೊಲಿಗೆಯ ಗುರುತು ತೋರಿಸಿ, ತಾನೂ ಒಂದು ಕಾಲಕ್ಕೆ ಆಡುತ್ತಿದ್ದೆ ಎಂದರು.

ಸಂಗತಿ ಇಷ್ಟು: ಕಂಪನಿಯ ತಂಡದಲ್ಲಿ ಹತ್ತು ವರ್ಷ ಹಾಫ್‌ಬ್ಯಾಕ್, ದೇಶದ ತಂಡಕ್ಕೆ ಕೆಲವು ಸಲ, ಆಮೇಲೆ ಮಂಡಿ ಹೋಗಿ ನಿವೃತ್ತಿ. ಸೋಮವಾರ ಬೆಳಗಾಗುವಷ್ಟರಲ್ಲಿ ಹರಿಹರದ ಚಹಾದಂಗಡಿಗಳಲ್ಲಿ ಅವರು ಜಪಾನಿನ ಕ್ಯಾಪ್ಟನ್ ಆಗಿದ್ದರು. ಅದೇ ಮಧ್ಯಾಹ್ನ ಸುದ್ದಿ ದಾವಣಗೆರೆ ತಲುಪಿದಾಗ ವಿಶ್ವಕಪ್ ವೀರ. ಆಟೋಗಳ ಮೇಲೆ ಬಿಳಿ ಬಟ್ಟೆಯ ನಡುವೆ ಕೆಂಪು ವೃತ್ತದ ಬಾವುಟ ಹಾರಿತು; ಬರೆಯುವುದು ಸುಲಭ ನೋಡಿ. ರೈಲ್ವೆ ಸ್ಟೇಷನ್ ಬಳಿಯ ಕ್ಷೌರದಂಗಡಿಯವನು "ಇಲ್ಲಿ ಹಟನಾಕ ಕಟಿಂಗ್ ಮಾಡಲಾಗುವುದು" ಎಂದು ಬೋರ್ಡು ತೂಗುಹಾಕಿದ.

"ಭಾವ, ಇವತ್ತಾದ್ರೂ ಕೇಳ್ರಿ," ಎಂದಳು ರೂಪಶ್ರೀ, ಮಂಟಪದ ಹಿಂಬಾಗಿಲಲ್ಲಿ ಬಕ್ಕೇಶನನ್ನು ಅಡ್ಡಗಟ್ಟಿ. ಅವಳ ಅಕ್ಕನ ಗಂಡ ಬಕ್ಕೇಶ ಅದೇ ಕಾರ್ಖಾನೆಯ ಎಂಜಿನಿಯರು. ಸಾಹೇಬರ ಮುರುಕು ಇಂಗ್ಲಿಷನ್ನು ಊರಿಗೆ ಕನ್ನಡ ಮಾಡಿ ಹೇಳುವವನು ಅವನೇ. ಅವನ ಎರಡೂ ಕೈಯಲ್ಲಿ ಸಾಹೇಬರಿಗೆ ಬಂದ ಹಣ್ಣಿನ ಬುಟ್ಟಿಗಳು.

"ರೂಪಾ, ಅವ್ರು ಭಾನುವಾರ ಊರಿಗೆ ಹೊಂಟಾರೆ. ಶನಿವಾರ ಮಧ್ಯಾಹ್ನ ಮಷಿನ್ ಟ್ರಯಲ್ ಐತೆ. ಎಲ್ಲಿಂದ ತರ್ಲಿ ಒಂದು ತಾಸು?"

"ಶನಿವಾರ ಬೆಳಿಗ್ಗೆ ಕೊಡ್ರಿ. ಭಾಷಣ ಬ್ಯಾಡ, ಶಾಲು ಬ್ಯಾಡ. ನಮ್ಮ ಹುಡುಗೇರು ಆಡೋದನ್ನ ನೋಡಿದ್ರೆ ಸಾಕು."

"ನೀವೊಬ್ರೇ ಕಣಮ್ಮ ಅವ್ರನ್ನ ಆಟ ನೋಡಾಕ ಕರೆಯೋರು. ಉಳಿದೋರೆಲ್ಲ ಅವ್ರನ್ನೇ ನೋಡಾಕ ಕರೀತಾರೆ." ಬಕ್ಕೇಶ ಬುಟ್ಟಿ ಕೆಳಗಿಟ್ಟು ನಕ್ಕ. "ನಾನು ವರ್ಲ್ಡ್ ಕಪ್ ಆಡಿಲ್ಲ ಅಂತ ಪಾಪ ಎಲ್ಲಾ ಕಡೆ ಹೇಳ್ತಾರೆ. ಮೊದ್ಲ ದಿನ ಟ್ರಾನ್ಸ್‌ಲೇಟ್ ಮಾಡ್ದೆ. 'ದೊಡ್ಡೋರು, ಅದ್ಕೆ ಹಂಗಂತಾರೆ' ಅಂದ್ರು ಜನ. ಈಗ ಬಿಟ್ಟುಬಿಟ್ಟೀನಿ."

ಅವನು ಒಳಗೆ ಹೋಗಿ ಬಂದ. ಹಿಂದೆಯೇ ಸಾಹೇಬರು, ಕೊರಳಲ್ಲಿ ಇನ್ನೂ ಹಾರ. ರೂಪಶ್ರೀ ತನ್ನ ಇಂಗ್ಲಿಷಿನಲ್ಲಿ ಹುಡುಗಿಯರು, ಫುಟ್‌ಬಾಲ್, ಶನಿವಾರ ಎಂದಳು. ಅವರು "ಗರ್ಲ್ಸ್?" ಎಂದು ಎರಡು ಸಲ ಕೇಳಿದರು. ಮುಖ ಅರಳಿತು.

ಬಸ್ಸಿನಲ್ಲಿ ದಾವಣಗೆರೆಯವರೆಗೂ ರೂಪಶ್ರೀಗೆ ಕೂರಲಾಗಲಿಲ್ಲ. ಸೀಟಿತ್ತು, ನಿಂತೇ ಬಂದಳು. ಧಾರವಾಡದಲ್ಲಿ ಜುಲೈ ತಿಂಗಳಿಗೆ ಬಾಲಕಿಯರ ಫುಟ್‌ಬಾಲ್ ಪಂದ್ಯಾವಳಿ ಇತ್ತು. ವರ್ಷದಿಂದ ಅವಳು ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿಸಿದ ಹನ್ನೊಂದು ಹುಡುಗಿಯರಿಗೆ ಆಟ ಕಲಿಸಿದ್ದಳು. ಆದರೆ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು, ರೈಸ್ ಮಿಲ್ಲಿನ ವಾಮದೇವಪ್ಪನವರು, ಜಪ್ಪಯ್ಯ ಎಂದರೂ ಒಪ್ಪಿರಲಿಲ್ಲ. "ಖೋಖೋ ಆಡ್ಸಮ್ಮ, ಥ್ರೋಬಾಲ್ ಆಡ್ಸಮ್ಮ. ಕಾಲಿಂದ ಒದೆಯೋ ಆಟ ಹೆಣ್ಣುಮಕ್ಕಳಿಗೆ ಯಾಕ?" ಕೊನೆಗೆ ಸೋಮವಾರ, ಊರೆಲ್ಲ ಹಟನಾಕರ ಮಾತೇ ಆದಾಗ, ಅವರೇ ಒಂದು ದಾರಿ ಬಿಟ್ಟಿದ್ದರು. "ಆ ಜಪಾನ್ ಸಾಹೇಬ್ರು ನಮ್ಮ ಸ್ಕೂಲಿಗೆ ಬಂದು, ಹುಡುಗೇರ ಆಟ ಕಣ್ಣಾರೆ ನೋಡಿ ಹೂಂ ಅನ್ಲಿ. ಕಳಸ್ತೀನಿ." ಬರುವವರಲ್ಲ ಎಂಬ ಧೈರ್ಯದಿಂದ ಆಡಿದ ಮಾತು. ಈಗ ಅವರು ಬರುತ್ತಿದ್ದರು.

ಶನಿವಾರ ಬೆಳಿಗ್ಗೆ ಶಾಲೆಗೆ ಬಂದ ರೂಪಶ್ರೀಗೆ ಮೊದಲು ಕಂಡದ್ದು ಅಂಗಳದ ಶಾಮಿಯಾನ. ಎರಡನೆಯದು, ಅಳುತ್ತ ನಿಂತ ಶಾಹಿಸ್ತಾ. ತಂಡದ ನಾಯಕಿ, ಒಂಬತ್ತನೇ ತರಗತಿ; ಅವಳ ಅಪ್ಪ ಶಬ್ಬೀರನದು ಸೈಕಲ್ ಅಂಗಡಿ. ಶಾಲೆಗಿದ್ದ ಒಂದೇ ಫುಟ್‌ಬಾಲಿನ ತೂತುಗಳಿಗೆಲ್ಲ ಪಂಕ್ಚರ್ ಹಾಕಿ ಜೀವ ಉಳಿಸಿಕೊಂಡು ಬಂದವನು ಅವನೇ.

"ಏನಾಯ್ತೇ?"

"ಸಾಹೇಬ್ರು ಬರ್ತಾರೆ, ಬಾಲ್ ಗಟ್ಟಿ ಇರ್ಲಿ ಅಂತ ಅಬ್ಬಾ ಒಂದೀಟು ಜಾಸ್ತಿ ಗಾಳಿ ಹೊಡೆದ್ರು ಮೇಡಂ. ಢಂ ಅಂತು."

ಗೋಲ್‌ಕೀಪರ್ ಸ್ನೇಹಾ ಸತ್ತ ಕೋಳಿಯನ್ನು ಹಿಡಿದ ಹಾಗೆ ಚೆಂಡಿನ ಚರ್ಮವನ್ನು ಎತ್ತಿ ಹಿಡಿದಿದ್ದಳು. ಬೇರೆ ಚೆಂಡು ತರೋಣವೆಂದರೆ ಗೇಟಿನಲ್ಲಿ ಪಟಾಕಿ ಸದ್ದು. ಬಿಳಿಯ ಜೀಪು ಒಳಗೆ ಬಂದೇಬಿಟ್ಟಿತು.

ಹಟನಾಕ ಸಾಹೇಬರು ಇಳಿದಾಗ ಅವರ ಕಂಕುಳಲ್ಲಿ ಚೆಂಡಿತ್ತು. ಹೊಚ್ಚ ಹೊಸದು. ಬೆಂಗಳೂರಿಗೆ ಹೋದವರೊಬ್ಬರ ಕೈಲಿ ಹುಡುಗಿಯರಿಗಾಗಿ ತರಿಸಿದ್ದರು. ಶಾಹಿಸ್ತಾಳ ಅಳು ಅಲ್ಲೇ ನಿಂತಿತು. ಸ್ನೇಹಾ ಹಳೆಯ ಚರ್ಮವನ್ನು ಬೆನ್ನ ಹಿಂದೆ ಬಚ್ಚಿಟ್ಟಳು. "ದೇವ್ರು ದೊಡ್ಡೋನು ಮೇಡಂ," ಎಂದು ಪಿಸುಗುಟ್ಟಿದಳು.

ಹುಡುಗಿಯರು ಕೈ ಚಾಚುವ ಮೊದಲು ವಾಮದೇವಪ್ಪನವರ ಕೈ ಮುಂದೆ ಬಂತು. ಇಸ್ತ್ರಿಯ ಬಿಳಿ ಪಂಚೆ, ಹೆಗಲ ಮೇಲೆ ಹೊಸ ಟವಲು, ಹಣೆತುಂಬ ವಿಭೂತಿ. "ಬರ್ರಿ ಸಾಹೇಬ್ರೆ, ಬರ್ರಿ! ಮ್ಯಾಲೆ ಕೂಡ್ರಿ!" ಚೆಂಡನ್ನು ತಾವೇ ಎರಡೂ ಕೈಯಲ್ಲಿ ಹೊತ್ತು ವೇದಿಕೆ ಏರಿದರು.

ಅಲ್ಲಿ ಅವರ ಹೆಂಡತಿ ಸರ್ವಮಂಗಳಮ್ಮ ಹಿತ್ತಾಳೆ ಹರಿವಾಣ ಹಿಡಿದು ನಿಂತಿದ್ದರು. ಸಾಹೇಬರಿಗೆ ಆರತಿ ಎತ್ತಿದ ಮೇಲೆ ವಾಮದೇವಪ್ಪನವರಿಗೆ ಏನು ಹೊಳೆಯಿತೋ, ಚೆಂಡನ್ನು ಆ ಹರಿವಾಣದಲ್ಲೇ ಇಟ್ಟರು. ದೂರದ ದೇಶದಿಂದ ಬಂದ ಅತಿಥಿಯ ಕೊಡುಗೆ, ಬರಿದೇ ಇಟ್ಟರೆ ಹೇಗೆ? ಮೂರು ಬೆರಳು ವಿಭೂತಿ ಎಳೆದರು. ನಡುವೆ ಕುಂಕುಮ ಇಟ್ಟರು. ಸೇವಂತಿಗೆ ಹಾರ ಸುತ್ತಿದರು. ಊದುಬತ್ತಿ ಬೆಳಗಿ, ತೆಂಗಿನಕಾಯಿ ಒಡೆದು, ಕೈ ಮುಗಿದರು. ಸಭೆಯೂ ಕೈ ಮುಗಿಯಿತು. ಮೊದಲ ಸಾಲಿನ ಇಬ್ಬರು ಮುದುಕಿಯರು ಕೆನ್ನೆ ಕೆನ್ನೆ ಬಡಿದುಕೊಂಡರು.



ಪ್ರಾರ್ಥನೆಯಾಯಿತು. ಸ್ವಾಗತವಾಯಿತು. ಆಡಳಿತ ಮಂಡಳಿಯ ಸದಸ್ಯರೆಲ್ಲ ಒಬ್ಬೊಬ್ಬರಾಗಿ ಹಾರ ಹಾಕಿ, ಫೋಟೋದವನು ಆಯಿತೆನ್ನುವವರೆಗೆ ಹಾರ ಹಿಡಿದೇ ನಿಂತರು. ನಿವೃತ್ತ ಮುಖ್ಯೋಪಾಧ್ಯಾಯ ಜಂಬಯ್ಯನವರು ಜಪಾನಿನ ಭೂಕಂಪಗಳ ಬಗ್ಗೆ ಮಾತಾಡಿದರು. ಬಕ್ಕೇಶ ಗಡಿಯಾರ ನೋಡಿಕೊಳ್ಳತೊಡಗಿದ. ಶಾಮಿಯಾನದ ಪಕ್ಕದಲ್ಲಿ ಹನ್ನೊಂದು ಹುಡುಗಿಯರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದರು.

ರೂಪಶ್ರೀ ವೇದಿಕೆಯ ಹಿಂದಿನಿಂದ ಹೋಗಿ ವಾಮದೇವಪ್ಪನವರ ಕಿವಿಯ ಬಳಿ ಬಗ್ಗಿದಳು. "ಸರ್, ಹುಡುಗೇರು ಆಡಬೇಕಿತ್ತು. ಬಾಲ್ ಕೊಡ್ತೀರಾ?"

"ಯಾವ ಬಾಲು?"

"ಅದೇ ಸರ್. ಹಳೇದು ಒಡೆದೈತೆ."

ವಾಮದೇವಪ್ಪ ಗಾಬರಿಯಿಂದ ತಿರುಗಿದರು. "ಏನಮ್ಮಾ, ಪೂಜೆ ಮಾಡಿದ್ದನ್ನ ಕಾಲಾಗೆ ಒದೀತಾರಾ? ಆಫೀಸ್ ರೂಮಿನ ಗಾಜಿನ ಬೀರುದಾಗೆ ಇಡ್ಸೋಣ. ಮುಂದಿನ ಪೀಳಿಗೆ ನೋಡ್ಲಿ."

"ಸಾಹೇಬ್ರು ಆಟ ನೋಡ್ಲಿ ಅಂತ ನೀವೇ ಹೇಳಿದ್ರಿ ಸರ್."

"ಹೇಳಿದ್ದೆ. ಟೈಮ್ ಎಲ್ಲೈತೆ? ಇನ್ನೂ ನಂದು ಅಧ್ಯಕ್ಷ ಭಾಷಣ ಐತೆ."

ಆ ಮಾತಿನಲ್ಲಿ ಕುಹಕವಿರಲಿಲ್ಲ. ಅದೇ ಅವಳನ್ನು ಹೆಚ್ಚು ಕಂಗೆಡಿಸಿತು. ಈ ಮನುಷ್ಯನಿಗೆ ನಿಜಕ್ಕೂ ತಾನು ಫುಟ್‌ಬಾಲಿಗೆ ದೊಡ್ಡ ಗೌರವ ಮಾಡುತ್ತಿದ್ದೇನೆ ಅನ್ನಿಸಿತ್ತು. ಇನ್ನು ಅರ್ಧ ಗಂಟೆಯಲ್ಲಿ ಜೀಪು ಹೋಗುತ್ತದೆ. ಧಾರವಾಡ ಹೋಗುತ್ತದೆ. ಮುಂದಿನ ವರ್ಷ ಶಾಹಿಸ್ತಾ ಎಸ್ಸೆಸ್ಸೆಲ್ಸಿ. ಆಮೇಲೆ ಅವಳನ್ನು ಯಾರೂ ಮೈದಾನಕ್ಕೆ ಕಳಿಸುವುದಿಲ್ಲ.

ವಾಮದೇವಪ್ಪ ಮೈಕಿನ ಮುಂದೆ ನಿಂತು "ಈ ಶುಭ ಸಂದರ್ಭದಲ್ಲಿ" ಎಂದರು. ರೂಪಶ್ರೀ ಚಪ್ಪಲಿ ಬಿಟ್ಟಳು. ನೇರ ವೇದಿಕೆ ಏರಿ ಹರಿವಾಣವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ, ಮೆಟ್ಟಿಲಿಳಿದು ನಡೆಯತೊಡಗಿದಳು.

ಊದುಬತ್ತಿಯ ಹೊಗೆಯಾಡುವ ಹರಿವಾಣ ಬರುವಾಗ ದಾರಿ ಬಿಡದವರು ದಾವಣಗೆರೆಯಲ್ಲಿ ಯಾರಿದ್ದಾರೆ? ಕುರ್ಚಿಗಳು ಸರಿದವು. ಜನ ಎದ್ದು ನಿಂತರು. ಇದೂ ಕಾರ್ಯಕ್ರಮದ ಭಾಗವೆಂದು ತಿಳಿದ ಫೋಟೋದವನು ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಚಿತ್ರ ತೆಗೆದ. ಹಟನಾಕ ಸಾಹೇಬರು ಬಕ್ಕೇಶನ ಮುಖ ನೋಡಿದರು. ಬಕ್ಕೇಶ ನಾದಿನಿಯ ಬೆನ್ನು ನೋಡಿದ, ಆಮೇಲೆ ತುಟಿ ಬಿಗಿಹಿಡಿದು "ಪ್ಲೀಸ್ ಸರ್" ಎಂದು ಕೈ ತೋರಿದ. ಸಾಹೇಬರು ಎದ್ದರು. ಅತಿಥಿ ಎದ್ದ ಮೇಲೆ ಅಧ್ಯಕ್ಷರು ಮೈಕು ಹಿಡಿದು ಏನು ಮಾಡಬೇಕು? ಅವರೂ ಇಳಿದರು. ಶಾಮಿಯಾನ ಖಾಲಿಯಾಗಿ ಸಭೆ ಮೈದಾನದ ಸುತ್ತ ಕವಿಯಿತು. ಕಾಂಪೌಂಡಿನ ಮೇಲೆ ಬೀದಿಯ ಜನ ಹತ್ತಿ ಕೂತರು.

ರೂಪಶ್ರೀ ಮೈದಾನದ ನಡುವೆ ಹರಿವಾಣ ಇಳಿಸಿದಳು. ಹಾರ ತೆಗೆದು ಅದರಲ್ಲೇ ಇಟ್ಟಳು. ಚೆಂಡನ್ನು ಸುಣ್ಣದ ಗೆರೆಯ ಮೇಲೆ ಕೂರಿಸಿದಳು. ಶಾಹಿಸ್ತಾ ತನ್ನ ಜಾಗಕ್ಕೆ ಬಂದು ನಿಂತಿದ್ದಳು. ಮೊದಲ ಒದೆತ ನಾಯಕಿಯದೇ ರೂಢಿ. ಬೇಡ, ಇವಳಿಂದ ಬೇಡ, ಎಂದುಕೊಂಡಳು ರೂಪಶ್ರೀ. ನಾಳೆ ಮಂಡಿಪೇಟೆಯಲ್ಲಿ ನಾಲ್ಕು ಜನ ಇದನ್ನು ಬೇರೆ ಥರ ಆಡಿಕೊಂಡಾರು. ಆ ಮಾತು ಬರುವುದಿದ್ದರೆ ತನ್ನ ಮೇಲೇ ಬರಲಿ. ಕೆಲಸ ಹೋಗುವುದಿದ್ದರೆ ತನ್ನದೇ ಹೋಗಲಿ.

ಬಗ್ಗಿ ಚೆಂಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿದಳು. ಬರಿಗಾಲಿನಲ್ಲಿ ಒದ್ದಳು.

ಚೆಂಡು ಶಾಹಿಸ್ತಾಳ ಬಳಿಗೆ ಉರುಳಿತು. ಅವಳು ಅದನ್ನು ನಿಲ್ಲಿಸಿ, ಮುಂದೇನೆಂದು ತಿಳಿಯದೆ, ಅಧ್ಯಕ್ಷರ ಕಡೆ ನೋಡಿದಳು. ಇಡೀ ಮೈದಾನ ಅವರ ಕಡೆ ನೋಡಿತು.

"ಮೇಡಂ!" ಎಂದರು ವಾಮದೇವಪ್ಪ. ಮುಖ ಕೆಂಪಾಗಿತ್ತು. "ಪೂಜೆ ಮಾಡಿದ್ದು ಅದು! ಪೂಜೆ ಮಾಡಿದ್ದು!"

"ಅದ್ಕೇನಾತು?" ಪಕ್ಕದಿಂದ ಸರ್ವಮಂಗಳಮ್ಮನ ದನಿ, ಎಲ್ಲರಿಗೂ ಕೇಳುವಷ್ಟು. "ಆಯುಧ ಪೂಜೆ ದಿನ ನಿಮ್ಮ ಲಾರಿಗೆ ಇದಕ್ಕಿಂತ ದೊಡ್ಡ ಹಾರ ಹಾಕ್ತೀರಿ. ಬೀರುದಾಗೆ ಇಟ್ಟೀರೇನು? ಮಾರನೇ ದಿನ ಭತ್ತ ತರಾಕ ಕಳಸ್ತೀರಿ."

ಕಾಂಪೌಂಡಿನ ಮೇಲಿನವರು ಗೊಳ್ಳೆಂದು ನಕ್ಕರು. ವಾಮದೇವಪ್ಪ ಬಾಯಿ ತೆರೆದರು. ಅವರಿಂದ ಮಾತು ಹೊರಡುವ ಮೊದಲು ಮೈದಾನದ ಗೆರೆಯ ಬಳಿ ಹಟನಾಕ ಸಾಹೇಬರು ಬೂಟು ಬಿಚ್ಚಿ ಜೋಡಿಸಿಟ್ಟು, ನೆಲಕ್ಕೆ ಸೊಂಟ ಬಗ್ಗಿಸಿ ವಂದಿಸಿ, ಒಳಗೆ ಕಾಲಿಟ್ಟರು. ಕೊರಳಲ್ಲಿ ಹಾರ, ಹೆಗಲಲ್ಲಿ ಶಾಲು. ಎರಡೂ ಕೈ ಎತ್ತಿ ಶಾಹಿಸ್ತಾಳ ಕಡೆ ಕೂಗಿದರು:

"ಬರ್ರಿ! ಬರ್ರಿ!"

ವಾರವೆಲ್ಲ ಹೋದಹೋದಲ್ಲಿ ಕಿವಿಗೆ ಬಿದ್ದ ಮಾತು ಅದೊಂದೇ. ಅದನ್ನೇ ಅವರು ಪಾಸು ಕೊಡು ಎನ್ನಲು ಬಳಸಿದರು. ಶಾಹಿಸ್ತಾ ಎಡಗಾಲಿನಿಂದ ಕೊಟ್ಟಳು, ಬಾಣ ಬಿಟ್ಟ ಹಾಗೆ. ಅವರು ನಿಲ್ಲಿಸಲಿಲ್ಲ, ಪಾದದ ಒಳಮಗ್ಗುಲಿನಿಂದ ಒಮ್ಮೆ ತಾಗಿಸಿದರು, ಅಷ್ಟೇ. ಚೆಂಡು ಮೂವರು ಹುಡುಗಿಯರ ನಡುವಿನಿಂದ ನುಸುಳಿ ಬಲಗಡೆ ಓಡುತ್ತಿದ್ದವಳ ಮುಂದೆ ಹೋಗಿ ಬಿತ್ತು. ಜನಕ್ಕೆ ಹುಚ್ಚೇ ಹಿಡಿಯಿತು.

ಆಮೇಲೆ ಆದದ್ದು ಆಟ. ಹುಡುಗಿಯರು ಎರಡು ಪಂಗಡವಾದರು, ಸಾಹೇಬರು ಎರಡೂ ಕಡೆ ಆಡಿದರು. ಮಂಡಿ ಹೋದವರು ಓಡುತ್ತಿರಲಿಲ್ಲ, ನಡೆಯುತ್ತಿದ್ದರು. ಆದರೂ ಚೆಂಡು ಎಲ್ಲಿ ಬೀಳುವುದೋ ಅಲ್ಲಿ ಮೊದಲೇ ನಿಂತಿರುತ್ತಿದ್ದರು. ಶಾಹಿಸ್ತಾ ಅವರ ಕಾಲಿನಿಂದಲೇ ಒಮ್ಮೆ ಚೆಂಡು ಕಸಿದಾಗ ಶಬ್ಬೀರ ಗೇಟಿನ ಬಳಿ ಸೈಕಲ್ ಮೇಲೆ ನಿಂತು "ಶಾಬಾಶ್ ಬೇಟಿ!" ಎಂದು ಕಿರುಚಿ ಸೈಕಲ್ ಸಮೇತ ಬಿದ್ದ. ಜಂಬಯ್ಯನವರು ಕೊಡೆ ಬೀಸಿದರು. ಗೆರೆಯ ಪಕ್ಕದಲ್ಲೇ ಯಾರೋ "ಬಿಡಬ್ಯಾಡ್ರೇ! ಬಲಕ್ಕೆ ಹೊಡೀರೇ! ಬಲಕ್ಕೆ ಅಂದ್ನಲ್ಲೇ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ರೂಪಶ್ರೀ ತಿರುಗಿ ನೋಡಿದಳು. ವಾಮದೇವಪ್ಪನವರು. ಪಂಚೆ ಮಂಡಿಯ ಮೇಲಕ್ಕೆ ಕಟ್ಟಿದ್ದರು, ಟವಲು ಎಲ್ಲೋ ಹೋಗಿತ್ತು.

ಬಕ್ಕೇಶ ಜೀಪಿನ ಹಾರ್ನ್ ಮೂರು ಸಲ ಬಾರಿಸಿದ ಮೇಲೆ ಸಾಹೇಬರು ಹೊರಗೆ ಬಂದರು. ಬೆವರಿಗೆ ಶಾಲು ಅಂಟಿಕೊಂಡಿತ್ತು. ವಾಮದೇವಪ್ಪ ತಮ್ಮ ಮಾತು ಮರೆತಿರಲಿಲ್ಲ. "ಕೇಳಪ್ಪಾ ಬಕ್ಕೇಶ. ನಮ್ಮ ಹುಡುಗೇರ ಆಟ ಹೆಂಗೈತೆ ಅಂತ?"

ವಾರವೆಲ್ಲ "ವೆರಿ ಗುಡ್, ಥ್ಯಾಂಕ್ಯೂ" ಎಂದೇ ಹೇಳಿಕೊಂಡು ಬಂದವರು ಈಗ ನಗಲಿಲ್ಲ. ಬೆರಳು ಮಡಿಸುತ್ತ ಬಹಳ ಹೊತ್ತು ಮಾತಾಡಿದರು. ಬಕ್ಕೇಶ ತಡವರಿಸಿದ.

"ಎಡಗಡೆ ಬ್ಯಾಕ್ ಆಡೋಳು ನಿಧಾನ ಅಂತಾರೆ. ಎಲ್ರೂ ಬಾಲ್ ಹಿಂದೇನೇ ಗುಂಪಾಗಿ ಓಡ್ತಾರಂತೆ, ಜಾಗ ಬಿಡ್ತಾರಂತೆ. ಕ್ಯಾಪ್ಟನ್ನಿಗೆ ಎಡಗಾಲು ಚಲೋ ಐತೆ, ಬಲಗಾಲು ಇಲ್ಲವೇ ಇಲ್ಲ ಅಂತಾರೆ. ಕೀಪರ್ ಗೆರೆ ಬಿಟ್ಟು ಮುಂದೆ ಬರಲ್ಲ. ಬಾಲ್ ತನ್ನ ಹತ್ರ ಬರ್ಲಿ ಅಂತ ಕಾಯ್ತಾಳೆ. ದಿನಾ ಎರಡು ತಾಸು ಆಡಬೇಕು ಅಂತಾರೆ."

ರೂಪಶ್ರೀಗೆ ಹೂಂ ಎನ್ನುವ ಒಂದು ಮಾತು ಸಾಕಿತ್ತು. ಅದನ್ನು ಅವರು ಹೇಳಲೇ ಇಲ್ಲ. ಬೂಟು ಹಾಕಿಕೊಂಡು, ಹುಡುಗಿಯರ ಸಾಲಿಗೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬಗ್ಗಿ ವಂದಿಸಿ, ಜೀಪು ಹತ್ತಿದರು. ಜೀಪಿನ ಹಿಂದೆ ಆಟೋಗಳು, ಆಟೋಗಳ ಹಿಂದೆ ಸೈಕಲ್ಲುಗಳು. ಹರಿಹರದ ದಾರಿಯ ಧೂಳು ಅಡಗಲು ಬಹಳ ಹೊತ್ತು ಬೇಕಾಯಿತು.

"ಮೇಡಂ, ಬರ್ರಿ ಇಲ್ಲಿ," ಎಂದರು ವಾಮದೇವಪ್ಪ.

ಅವಳು ಹೋಗಿ ನಿಂತಳು.

"ಕೇಳಿಸ್ಕಂಡ್ರಾ ಅವ್ರು ಹೇಳಿದ್ದು? ಎಡಗಡೆ ಹುಡುಗಿ ನಿಧಾನ ಅಂತೆ. ಗುಂಪು ಕಟ್ಕಂಡು ಓಡ್ತಾವಂತೆ ಕುರಿ ಓಡಿದಂಗೆ. ವರ್ಷದಿಂದ ಏನು ಕಲಿಸಿದ್ರಿ ನೀವು?"

"ಸರ್..."

"ಸರ್ ಅಂದ್ರೆ? ಇದನ್ನೆಲ್ಲ ಸರಿ ಮಾಡದೇ ಧಾರವಾಡಕ್ಕೆ ಹೋಗಿ ನಮ್ಮ ಸ್ಕೂಲ್ ಮಾನ ಕಳೀಬೇಕಂತ ಮಾಡಿರೇನು? ನಾಳೆಯಿಂದ ಸಂಜೆ ಎರಡು ತಾಸು. ನಾನೇ ಬಂದು ನೋಡ್ತೀನಿ." ಅವರು ಪಂಚೆ ಬಿಚ್ಚಿ ಇಳಿಬಿಟ್ಟು, ಎರಡು ಹೆಜ್ಜೆ ಹೋಗಿ ತಿರುಗಿದರು. "ಕುರಿಗಳ ಜೊತೆಗೆ ನೀವೂ ಸೇರಿ ಹನ್ನೆರಡು ಸೀಟು ಅಲ್ವಾ? ಬಸ್ ಬ್ಯಾಡ. ನಮ್ಮ ಮಿಲ್ಲಿನ ವ್ಯಾನ್ ಕಳಸ್ತೀನಿ."

ರೂಪಶ್ರೀ ಹೂಂ ಎಂದಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಶಾಮಿಯಾನದ ಕೆಳಗೆ ಹುಡುಗಿಯರ ಕೇಕೆ ಎದ್ದಿತ್ತು. ಸಾಹೇಬರು ಬಿಟ್ಟುಹೋದ ಬುಟ್ಟಿಯ ಮೂಸಂಬಿಗಳಿಗೆ ಜಗ್ಗಾಟ ನಡೆದಿತ್ತು. ಶಾಹಿಸ್ತಾ ಸಿಪ್ಪೆ ಸುಲಿಯುತ್ತಲೇ ಬಲಗಾಲನ್ನು ಮುಂದೆ ಚಾಚಿ ಅಪರಿಚಿತ ವಸ್ತುವನ್ನು ನೋಡಿದ ಹಾಗೆ ನೋಡುತ್ತಿದ್ದಳು. ಲೆಕ್ಕ ಮಾಡಿದಾಗ ಹತ್ತೇ ಜನ ಸಿಕ್ಕರು.

ರೂಪಶ್ರೀ ಮೈದಾನದ ಕಡೆ ತಿರುಗಿದಳು. ಮೋಡ ಕವಿದು ಗಾಳಿ ತಣ್ಣಗಾಗಿತ್ತು. ಆಚೆ ತುದಿಯ ಎರಡು ಬಿದಿರು ಕಂಬಗಳ ನಡುವೆ ಸ್ನೇಹಾ ಒಬ್ಬಳೇ ಇದ್ದಳು. ಅವಳ ಬಳಿ ಚೆಂಡಿರಲಿಲ್ಲ. ಗೆರೆಯ ಮೇಲೆ ನಿಂತು, ಒಮ್ಮೆ ಉಸಿರೆಳೆದುಕೊಂಡು, ಕೈ ಮುಂದೆ ಚಾಚಿ ಓಡಿ ಬಂದಳು, ನಿಂತಳು, ಹಿಂದಕ್ಕೆ ನಡೆದು ಹೋಗಿ, ಮತ್ತೆ ಓಡಿ ಬಂದಳು. ಪ್ರತಿಸಲವೂ ಒಂದು ಹೆಜ್ಜೆ ಹೆಚ್ಚು.